ಎಲ್ಲದೀ ದೋಸ್ತ? - ಡ್ರೋನು, ಸರಪಳಿ ಮತ್ತು ಒಂದು ಗುಂಟೆ ಹೊಲ

ಮೊಬೈಲ್ ಬಂದ ಮೇಲೆ "ಹಲೋ" ಆದ ತಕ್ಷಣ ನಾವೆಲ್ಲ ಕೇಳೋ ಮೊದಲ ಪ್ರಶ್ನೆ ಯಾವುದು ಹೇಳಿ? "ಎಲ್ಲಿದ್ದೀಯಾ?" ನಮ್ಮ ಕೊಪ್ಪಳದ ಕಡೆ ಅದು "ಎಲ್ಲದೀ?" ಆಗುತ್ತೆ, ಅಷ್ಟೇ ವ್ಯತ್ಯಾಸ. ಮನುಷ್ಯರಾದರೆ "ಇಲ್ಲೇ ಬಸ್‌ಸ್ಟ್ಯಾಂಡ್ ಹತ್ರ" ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಗಾಳಿಯಲ್ಲಿ ಹಾರೋ ಒಂದು ಯಂತ್ರಕ್ಕೆ ಆ ಸವಲತ್ತು ಇಲ್ಲ. ತಾನು ಎಲ್ಲಿದ್ದೀನಿ ಅನ್ನೋದು ಅದಕ್ಕೆ ಪ್ರತಿ ಕ್ಷಣವೂ ಗೊತ್ತಿರಬೇಕು. ಗೊತ್ತಾಗದಿದ್ದರೆ ಗಾಳಿ ಎಳೆದ ಕಡೆ ಹೋಗುತ್ತೆ, ಇಲ್ಲಾಂದ್ರೆ ಯಾರದೋ ಬೇವಿನ ಮರದಲ್ಲಿ ಸಿಕ್ಕಿಕೊಳ್ಳುತ್ತೆ.

ಊರ ಕಡೆ ನನ್ನ ನಾಲ್ಕೈದು ಗೆಳೆಯರಿಗೆ ಈ ಡ್ರೋನಿನ ಹುಚ್ಚು ಹಿಡಿದಿದೆ. ಒಬ್ಬ ಗಂಗಾವತಿಯವನು, ಒಬ್ಬ ಕುಷ್ಟಗಿಯವನು, ಇನ್ನಿಬ್ಬರು ಯಲಬುರ್ಗಾ ಕಡೆಯವರು. ಮೋಟಾರು, ಫ್ರೇಮು, ಫ್ಲೈಟ್ ಕಂಟ್ರೋಲರ್, ಜಿಪಿಎಸ್ ಮಾಡ್ಯೂಲ್ ಎಲ್ಲ ಬಿಡಿಬಿಡಿಯಾಗಿ ತಂದು ಕೈಯಾರೆ ಜೋಡಿಸುತ್ತಾರೆ. ನಾನು ಬೆಂಗಳೂರಲ್ಲಿ ಕೂತು ಕೋಡ್ ಬರೆಯೋನು. ಆದರೂ "ನೀ ಇಂಜಿನಿಯರ್ ಅದಿಯಲ್ಲ, ಹೇಳಪಾ" ಅಂತ ಫೋನು ನನಗೇ ಬರುತ್ತೆ. ದೂರುಗಳು ಹೀಗಿರ್ತವೆ:

"ಹಳೇ ನಕಾಶೆದಾಗ ಹಾಕಿ ನೋಡಿದ್ರ ನಮ್ಮ ಹೊಲ ಮಗ್ಗಲ ಊರಿನವರ ಹೊಲದಾಗ ತೋರಸ್ತೈತಲೇ."
"ಎತ್ತರ ಎಂಬತ್ತು ಮೀಟರ್ ಕಮ್ಮಿ ತೋರಸಾಕ ಹತ್ತೈತಿ."
"ನಿಂತಲ್ಲೇ ನಿಲ್ಲವಲ್ದು, ಗಿರಗಿರ ಸುತ್ತು ಹೊಡೀತೈತಿ."
"ಮುಂಜಾನಿ ಚಲೋ ಇತ್ತು, ರಾತ್ರಿ ಎಂಟಕ್ಕ ಹಾರಿಸಿದ್ರ ಜಿಪಿಎಸ್ ಹಿಡಿಯವಲ್ದು."
"ತಾರೀಖು ಇಪ್ಪತ್ತು ವರ್ಷ ಹಿಂದಿಂದು ತೋರಸ್ತೈತಿ!"

ಇವಕ್ಕೆಲ್ಲ ಉತ್ತರ ಹುಡುಕ್ತಾ ಹೋದಾಗ ನನಗೆ ಒಂದು ಮಜವಾದ ವಿಷಯ ಕಂಡಿತು. ಈ ಪ್ರತಿಯೊಂದು ತೊಂದರೆಗೂ ಒಬ್ಬ ಅಜ್ಜ ಇದ್ದಾನೆ! ಭೂಮಿ ಅಳೆಯೋಕೆ ಹೊರಟವರೆಲ್ಲ ಇನ್ನೂರು ವರ್ಷಗಳಿಂದ ಇವೇ ತೊಂದರೆಗಳ ಜತೆ ಗುದ್ದಾಡಿದ್ದಾರೆ. ಹೆಸರು ಮಾತ್ರ ಬೇರೆ. ಆ ಅಜ್ಜಂದಿರ ಪರಿಚಯ ಮಾಡಿಕೊಡೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗುತ್ತೆ, ಚಹಾ ಮಾಡಿಕೊಂಡು ಕೂತ್ಕೊಳ್ಳಿ :-)

ಮೊದಲನೇ ಅಜ್ಜ: ಯಾರ ಕೋಲು?

ನಮ್ಮ ಸೀಮೆಯಲ್ಲಿ ಜಾಗ ಗುರುತಿಸೋ ಕೆಲಸ ಹೊಸದೇನಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯ 1112ರದ್ದು. ಅದನ್ನು ಅಲ್ಲಿನ ಶಾಸನ "ದೇವಾಲಯ ಚಕ್ರವರ್ತಿ" ಅಂತ ಕರೆಯುತ್ತೆ. ಹೀಗೆ ದೇವಾಲಯಗಳಿಗೆ, ಅಗ್ರಹಾರಗಳಿಗೆ ಭೂಮಿ ಬಿಟ್ಟಾಗ ನಮ್ಮ ಕನ್ನಡ ಶಾಸನಗಳು ಮತ್ತರು, ಕಮ್ಮ ಅಂತ ಅಳತೆ ಹೇಳ್ತವೆ. ಎಷ್ಟೋ ಶಾಸನಗಳಲ್ಲಿ ಬರೀ "ಇಷ್ಟು ಮತ್ತರು" ಅಂತ ಹೇಳಿ ಬಿಡೋದಿಲ್ಲ, ಯಾವ ಊರಿನ ಕೋಲಿನಿಂದ ಅಳೆದದ್ದು ಅನ್ನೋದನ್ನೂ ಹೇಳ್ತಾರೆ. ಯಾಕೆ ಗೊತ್ತಾ? ಊರಿಂದೂರಿಗೆ ಅಳತೆ ಕೋಲು ಬೇರೆ ಬೇರೆ ಇರ್ತಿತ್ತು. ಕೋಲು ಯಾವುದು ಅಂತ ಗೊತ್ತಿಲ್ಲದೆ ಸಂಖ್ಯೆ ಮಾತ್ರ ಗೊತ್ತಿದ್ದರೆ ಏನೂ ಗೊತ್ತಿಲ್ಲದ ಹಾಗೇ.

ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಗೆಳೆಯನ ಮೊದಲ ದೂರಿಗೆ ಉತ್ತರ ಇಲ್ಲೇ ಇದೆ.

ಈಗ 1800ಕ್ಕೆ ಬರೋಣ. ಟಿಪ್ಪು ಮಡಿದು ಒಂದು ವರ್ಷ. ಬ್ರಿಟಿಷರ 33ನೇ ರೆಜಿಮೆಂಟಿನ ವಿಲಿಯಂ ಲ್ಯಾಂಬ್ಟನ್ ಅನ್ನೋ ಮಿತಭಾಷಿ ಅಧಿಕಾರಿ ಬೆಂಗಳೂರಿನ ಹತ್ತಿರ ಏಳೂವರೆ ಮೈಲಿಯಷ್ಟು ಉದ್ದದ ಒಂದು ನೇರ ಗೆರೆಯನ್ನು ಅಳೆಯೋಕೆ ಶುರು ಮಾಡ್ತಾನೆ. ಅವನ ಕೈಯಲ್ಲಿದ್ದದ್ದು ನೂರು ಅಡಿಯ ಉಕ್ಕಿನ ಸರಪಳಿ. ಆ ಸರಪಳಿಯ ಕತೆ ಕೇಳಿ... ಅದು ಚೀನಾ ಚಕ್ರವರ್ತಿಗೆ ಕಾಣಿಕೆ ಅಂತ ಮೆಕಾರ್ಟ್ನಿ ನಿಯೋಗದ ಜತೆ ಹೋಗಿತ್ತು, ಅಲ್ಲಿ ಬೇಡ ಅಂದ್ರು, ತಿರುಗಿ ಕಲ್ಕತ್ತೆಗೆ ಬಂತು, ಅಲ್ಲಿಂದ ಲ್ಯಾಂಬ್ಟನ್ ಕೈಗೆ ಸಿಕ್ಕಿತು! ಬಿಸಿಲಿಗೆ ಉಕ್ಕು ಹಿಗ್ಗುತ್ತೆ ಅಂತ ಸರಪಳಿಯನ್ನು ನೆರಳಲ್ಲಿಟ್ಟು, ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಅಳೆಯಬೇಕಿತ್ತು.

1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದು ಅಡಿಗೆರೆ ಅಳೆದರು. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಬೆಂಗಳೂರಿನವರೆಗೆ ಬಂದು, 1804ರಲ್ಲಿ ಬೆಂಗಳೂರಿನ ಗೆರೆಯನ್ನು ಮತ್ತೆ ನಿಜವಾಗಿ ಅಳೆದು ನೋಡಿದಾಗ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಏಳು ಮೈಲಿಗೆ ನಾಲ್ಕು ಇಂಚು! ನಮ್ಮ ಮೊಬೈಲ್ ಜಿಪಿಎಸ್ ಇವತ್ತಿಗೂ ಮೂರು ಮೀಟರ್, ಐದು ಮೀಟರ್ ಆಚೀಚೆ ಹೇಳುತ್ತೆ. ಸುಮ್ಮನೆ ಹೇಳಿದೆ, ಬೇಜಾರು ಮಾಡ್ಕೋಬೇಡಿ.

ಈ ತ್ರಿಕೋನಗಳ ಮಾಲೆ ಕನ್ಯಾಕುಮಾರಿಯಿಂದ ಹಿಮಾಲಯದ ಬುಡದವರೆಗೆ ಬೆಳೆಯಿತು. 1811ರಲ್ಲಿ ಗುತ್ತಿಯ ಹತ್ತಿರ ಒಂದು ಅಡಿಗೆರೆ, 1815ರಲ್ಲಿ ಬೀದರ್ ಕಡೆ ಇನ್ನೊಂದು. ಗುತ್ತಿ ಅಂದರೆ ನಮ್ಮ ಕೊಪ್ಪಳದಿಂದ ನೇರ ಪೂರ್ವಕ್ಕೆ ಸುಮಾರು 160 ಕಿಲೋಮೀಟರ್. 1818ರಲ್ಲಿ ಈ ಕೆಲಸಕ್ಕೆ ಗ್ರೇಟ್ ಟ್ರಿಗ್ನಾಮೆಟ್ರಿಕಲ್ ಸರ್ವೆ ಅನ್ನೋ ಹೆಸರು ಬಂತು. 1823ರ ಜನವರಿಯಲ್ಲಿ ಲ್ಯಾಂಬ್ಟನ್ ಕೆಲಸದ ಮೇಲೆ ಹೋಗ್ತಾ ಇರುವಾಗಲೇ ಹಿಂಗಣಘಾಟದಲ್ಲಿ ತೀರಿಕೊಂಡ. ಮುಂದುವರಿಸಿದವನು ಜಾರ್ಜ್ ಎವರೆಸ್ಟ್. ಹೌದು, ಆ ಬೆಟ್ಟಕ್ಕೆ ಹೆಸರು ಬಂದದ್ದು ಇವನಿಂದಲೇ.

ಈಗ ಮುಖ್ಯ ವಿಷಯ. ಅಕ್ಷಾಂಶ ರೇಖಾಂಶ ಲೆಕ್ಕ ಹಾಕಬೇಕು ಅಂದರೆ ಭೂಮಿಗೆ ಒಂದು ಆಕಾರ ಒಪ್ಪಿಕೊಳ್ಳಬೇಕು. ಭೂಮಿ ಚೆಂಡಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಎಷ್ಟು ಚಪ್ಪಟೆ, ಎಷ್ಟು ದೊಡ್ಡದು? ಎವರೆಸ್ಟ್ ತನ್ನ ಅಳತೆಗಳಿಂದ 1830ರಲ್ಲಿ ಒಂದು ಆಕಾರ ಕೊಟ್ಟ. ಅದರ ಪ್ರಕಾರ ಭೂಮಧ್ಯರೇಖೆಯಲ್ಲಿ ಭೂಮಿಯ ತ್ರಿಜ್ಯ 63,77,276 ಮೀಟರ್. ಆ ಆಕಾರವನ್ನು ಮಧ್ಯಪ್ರದೇಶದ ಕಲ್ಯಾಣಪುರದಲ್ಲಿ ಮೊಳೆ ಹೊಡೆದ ಹಾಗೆ ಕೂರಿಸಿದರು. ನಮ್ಮ ದೇಶದ ಹಳೇ ಸರ್ವೆ ನಕ್ಷೆಗಳೆಲ್ಲ ಇದರ ಮೇಲೇ ನಿಂತಿವೆ. ಆದರೆ ಜಿಪಿಎಸ್ ಬಳಸೋ ಆಕಾರದ ಹೆಸರು ಡಬ್ಲ್ಯೂಜಿಎಸ್ 84. ಅದರ ತ್ರಿಜ್ಯ 63,78,137 ಮೀಟರ್. ವ್ಯತ್ಯಾಸ 861 ಮೀಟರ್. ಕೇಂದ್ರಗಳೂ ಒಂದೇ ಕಡೆ ಇಲ್ಲ. ಎವರೆಸ್ಟನದು ಭಾರತದ ಮೈಗೆ ಹೊಂದುವ ಹಾಗೆ ಹೊಲಿದ ಅಂಗಿ, ಜಿಪಿಎಸ್‌ನದು ಇಡೀ ಭೂಮಿಗೆ ಹೊಲಿದ ಅಂಗಿ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸೋ ಸೂತ್ರಕ್ಕೆ ಬೇಕಾದ ಅಂಕಿಗಳು ಪ್ರಕಟವಾಗಿವೆ. ಕೊಪ್ಪಳದ ಅಕ್ಷಾಂಶ (15.35) ರೇಖಾಂಶ (76.15) ಹಾಕಿ ಲೆಕ್ಕ ಮಾಡಿ ನೋಡಿದೆ. ಉತ್ತರ ದಕ್ಷಿಣದಲ್ಲಿ ಸುಮಾರು 130 ಮೀಟರ್, ಪೂರ್ವ ಪಶ್ಚಿಮದಲ್ಲಿ ಸುಮಾರು 110 ಮೀಟರ್. ಒಟ್ಟು ಓರೆಯಾಗಿ 170 ಮೀಟರ್ ಆಸುಪಾಸು. ಹಳೇ ನಕ್ಷೆಯಿಂದ ಅಕ್ಷಾಂಶ ರೇಖಾಂಶ ಓದಿ ಹಾಗೇ ಡ್ರೋನಿಗೆ ಕೊಟ್ಟರೆ ಅದು ಪ್ರಾಮಾಣಿಕವಾಗಿ ಬೇರೆಯವರ ಹೊಲಕ್ಕೆ ಹೋಗುತ್ತೆ. ಡ್ರೋನೂ ಸರಿ, ನಕ್ಷೆಯೂ ಸರಿ, ಕೋಲು ಮಾತ್ರ ಬೇರೆ! ಶಾಸನ ಬರೆಸಿದವರಿಗೆ ಗೊತ್ತಿದ್ದ ಬುದ್ಧಿ ಇದು: ಸಂಖ್ಯೆ ಹೇಳುವಾಗ ಕೋಲೂ ಹೇಳು.

ಸರ್ವೆ ಆಫ್ ಇಂಡಿಯಾ 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆ ಡಬ್ಲ್ಯೂಜಿಎಸ್ 84ರ ಮೇಲೆಯೇ ನಕ್ಷೆ ಕೊಡೋಕೆ ಶುರು ಮಾಡಿತು. ಆದರೆ ಹಳೇ ನಕ್ಷೆ ಸ್ಕ್ಯಾನ್ ಮಾಡಿ ಬಳಸುವವರು ಇನ್ನೂ ಇದ್ದಾರೆ. ಹಾಗಾಗಿ ಬಿಂದು ನೂರು ಇನ್ನೂರು ಮೀಟರ್ ಸರಿದಿದ್ದರೆ, ಅದೂ ಎಲ್ಲಾ ಬಿಂದುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ, ಮಾಡ್ಯೂಲ್ ಬಿಚ್ಚಬೇಡಿ. ಮೊದಲು ನಕ್ಷೆಯ ಮೂಲೆಯಲ್ಲಿ ಯಾವ ಆಕಾರದ ಹೆಸರು ಬರೆದಿದೆ ನೋಡಿ.

ಎರಡನೇ ಅಜ್ಜ: ಓಲುವ ತೂಗುಗುಂಡು

ಎತ್ತರದ ದೂರು ಇನ್ನೂ ಸ್ವಾರಸ್ಯ. ಕೊಪ್ಪಳ ಸಮುದ್ರ ಮಟ್ಟದಿಂದ ಸುಮಾರು 530 ಮೀಟರ್ ಎತ್ತರದಲ್ಲಿದೆ. ಬರೀ ಜಿಪಿಎಸ್ ಲೆಕ್ಕದ ಎತ್ತರ ನೋಡಿದರೆ 450ರ ಹತ್ತಿರ ಬರುತ್ತೆ. ಎಂಬತ್ತು ಮೀಟರ್ ಎಲ್ಲಿ ಹೋಯ್ತು?

ಇದರ ಮೂಲ ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡೋಕೆ ಬಿಡ್ತಾರಲ್ಲ, ಆ ತೂಗುಗುಂಡಿನಲ್ಲಿದೆ. ಅದು ನೇರ ಕೆಳಕ್ಕೆ ತೂಗುತ್ತೆ ಅಂತ ನಾವು ನಂಬ್ತೀವಿ. ಎವರೆಸ್ಟನ ಕಾಲದ ಸರ್ವೆಯಲ್ಲಿ ಕಲ್ಯಾಣಪುರ ಮತ್ತು ಹಿಮಾಲಯಕ್ಕೆ ಹತ್ತಿರದ ಕಲಿಯಾನಾ ನಡುವಿನ ದೂರವನ್ನು ತ್ರಿಕೋನಗಳಿಂದ ಅಳೆದಾಗ ಒಂದು ಉತ್ತರ, ನಕ್ಷತ್ರ ನೋಡಿ ಅಳೆದಾಗ ಇನ್ನೊಂದು ಉತ್ತರ ಬಂತು. ವ್ಯತ್ಯಾಸ ಐದು ಸೆಕೆಂಡು ಚಿಲ್ಲರೆ ಕೋನ, ನೆಲದ ಮೇಲೆ ಸುಮಾರು 160 ಮೀಟರ್. ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಪ್ರ್ಯಾಟ್ 1855ರಲ್ಲಿ ಇದನ್ನು ಕೈಗೆತ್ತಿಕೊಂಡ. ಹಿಮಾಲಯದ ರಾಶಿ ತೂಗುಗುಂಡನ್ನು ತನ್ನ ಕಡೆ ಎಳೆಯುತ್ತಿದೆ ಅಂದ. ಆದರೆ ಎಷ್ಟು ಎಳೆಯಬೇಕು ಅಂತ ಲೆಕ್ಕ ಹಾಕಿದರೆ ಹದಿನೈದು ಸೆಕೆಂಡಿಗೂ ಹೆಚ್ಚು ಬಂತು! ಅಷ್ಟು ದೊಡ್ಡ ಬೆಟ್ಟ ಲೆಕ್ಕಕ್ಕಿಂತ ಕಡಿಮೆ ಯಾಕೆ ಎಳೆಯುತ್ತಿದೆ? ಬೆಟ್ಟದ ಬುಡದಲ್ಲಿ ಹಗುರ ಕಲ್ಲು ಇರಬೇಕು ಅನ್ನೋ ಉತ್ತರ ಪ್ರ್ಯಾಟ್ ಮತ್ತು ಏರಿ ಇಬ್ಬರಿಂದಲೂ ಬಂತು. ಭೂವಿಜ್ಞಾನದ ಒಂದು ದೊಡ್ಡ ಸಿದ್ಧಾಂತ ಹುಟ್ಟಿದ್ದು ಭಾರತದ ಸರ್ವೆಯ ಒಂದು "ಬಗ್"ನಿಂದ. ನಮ್ಮ ಬಗ್‌ಗಳಿಂದ ಮ್ಯಾನೇಜರ್ ಬೈಗುಳ ಬಿಟ್ಟು ಬೇರೇನೂ ಹುಟ್ಟಲ್ಲ, ಇರಲಿ.

ಇದರ ಅರ್ಥ ಇಷ್ಟೇ. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲ. ಹಾಗಾಗಿ ಸಮುದ್ರ ಮಟ್ಟವೂ ನಯವಾದ ಅಂಡಾಕಾರದಲ್ಲಿ ಇಲ್ಲ, ಉಬ್ಬು ತಗ್ಗು ಇದೆ. ಆ ನಿಜವಾದ ಸಮುದ್ರ ಮಟ್ಟದ ಮೇಲ್ಮೈಯನ್ನು ಜಿಯಾಯ್ಡ್ ಅಂತಾರೆ. ಪ್ರಪಂಚದಲ್ಲೇ ಅದರ ಅತಿ ದೊಡ್ಡ ತಗ್ಗು ಇರೋದು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ - ನೂರು ಮೀಟರಿಗೂ ಹೆಚ್ಚು ಆಳ. ಅದು ಯಾಕೆ ಆಯ್ತು ಅಂತ ನಮ್ಮ ಬೆಂಗಳೂರಿನ ಐಐಎಸ್‌ಸಿ ಸಂಶೋಧಕರು 2023ರಲ್ಲಿ ಒಂದು ವಿವರಣೆ ಕೊಟ್ಟಿದ್ದಾರೆ. ಆ ತಗ್ಗಿನ ಇಳಿಜಾರಿನಲ್ಲೇ ದಕ್ಷಿಣ ಭಾರತ ಪೂರ್ತಿ ಇದೆ. ನಮ್ಮ ಕಡೆ ಜಿಪಿಎಸ್ ಆಕಾರಕ್ಕಿಂತ ಸಮುದ್ರ ಮಟ್ಟ 70-90 ಮೀಟರ್ ಕೆಳಗಿದೆ. ಕೆಲವು ರಿಸೀವರ್‌ಗಳು ಇದನ್ನು ಒಳಗೇ ಸರಿಪಡಿಸಿ ಕೊಡುತ್ತವೆ, ಕೆಲವು ಕೊಡೋದಿಲ್ಲ. ಎರಡನ್ನೂ ಒಂದೇ ಲೆಕ್ಕದಲ್ಲಿ ಬೆರೆಸಿದರೆ ಡ್ರೋನು ಎಂಬತ್ತು ಮೀಟರ್ ಮೇಲೆ ಹೋಗಬಹುದು, ಇಲ್ಲವೇ ನೆಲದೊಳಗೆ ಹೋಗೋಕೆ ನೋಡಬಹುದು! ಹಾರೋ ಮುಂಚೆ ಎತ್ತರವನ್ನು ನೀವು ನಿಂತ ನೆಲದಿಂದಲೇ ಲೆಕ್ಕ ಹಾಕೋ ಹಾಗೆ ಇಟ್ಟುಕೊಳ್ಳೋದು ಕ್ಷೇಮ.

ಮೂರನೇ ಅಜ್ಜ: ಟ್ರಾಮಿಗೆ ಹೆದರಿ ಊರು ಬಿಟ್ಟ ಸೂಜಿ

ಡ್ರೋನು ನಿಂತಲ್ಲಿ ನಿಲ್ಲದೆ ದೊಡ್ಡದಾಗುತ್ತಾ ಹೋಗೋ ಸುತ್ತು ಹೊಡೆದರೆ ಎಲ್ಲರೂ ಮೊದಲು ಬೈಯೋದು ಜಿಪಿಎಸ್‌ಗೆ. ಪಾಪ, ಹೆಚ್ಚಿನ ಸಲ ಅದರ ತಪ್ಪಿರೋದಿಲ್ಲ. ಜಿಪಿಎಸ್ ಹೇಳೋದು "ಎಲ್ಲಿದ್ದೀಯ" ಅಂತ ಮಾತ್ರ. "ಯಾವ ಕಡೆ ಮುಖ ಮಾಡಿದ್ದೀಯ" ಅಂತ ಹೇಳೋದು ದಿಕ್ಸೂಚಿ. ಅದೊಂದು ಅಕ್ಕಿ ಕಾಳಿನಷ್ಟು ದೊಡ್ಡ ಚಿಪ್ಪು, ಸಾಮಾನ್ಯವಾಗಿ ಜಿಪಿಎಸ್ ಮಾಡ್ಯೂಲಿನ ಒಳಗೇ ಇರುತ್ತೆ. ಅದು ಮೂವತ್ತು ನಲವತ್ತು ಡಿಗ್ರಿ ತಪ್ಪು ಹೇಳಿದರೆ, ಡ್ರೋನು ಜಾಗಕ್ಕೆ ವಾಪಸ್ ಬರೋಕೆ ಹೋಗಿ ಓರೆಯಾಗಿ ಹೋಗುತ್ತೆ, ಮತ್ತೆ ತಿದ್ದಿಕೊಳ್ಳುತ್ತೆ, ಮತ್ತೆ ಓರೆ... ಹೀಗೆ ಸುತ್ತು. ಹವ್ಯಾಸಿಗಳು ಇದಕ್ಕೆ ಇಟ್ಟಿರೋ ಹೆಸರು "ಟಾಯ್ಲೆಟ್ ಬೌಲ್". ಬರೆಯೋಕೆ ಮುಜುಗರ, ಆದರೆ ಹೆಸರು ಸರಿಯಾಗೇ ಇದೆ.

ಇದರ ಅಜ್ಜ ಮುಂಬೈಯಲ್ಲಿ ಸಿಗ್ತಾನೆ. ಅಲ್ಲಿನ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತತ್ವವನ್ನು ಬರೆದಿಡುತ್ತಿದ್ದರು. ಇಪ್ಪತ್ತನೇ ಶತಮಾನದ ಶುರುವಿಗೆ ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತೆ ಅಂತ ಸುದ್ದಿ. ತಂತಿಯಲ್ಲಿ ವಿದ್ಯುತ್ ಹರಿದರೆ ಕಾಂತಕ್ಷೇತ್ರ ಹುಟ್ಟುತ್ತೆ, ಸೂಕ್ಷ್ಮ ಸೂಜಿಗಳು ಕೆಡುತ್ತವೆ. ಆಗ ವೀಕ್ಷಣಾಲಯದ ನಿರ್ದೇಶಕರಾಗಿದ್ದ ನಾನಾಭಾಯ್ ಮೂಸ್ ಏನು ಮಾಡಿದರು ಗೊತ್ತಾ? ಇಡೀ ಕಾಂತ ವೀಕ್ಷಣೆಯನ್ನೇ ಸಮುದ್ರದ ಆಚೆ ದಡದ ಅಲಿಬಾಗ್‌ಗೆ ಸಾಗಿಸಿದರು. 1904ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ಅದರ ಕಟ್ಟಡವನ್ನು ಕಾಂತಕ್ಕೆ ಅಂಟುವ ವಸ್ತುಗಳಿಲ್ಲದೇ ಕಟ್ಟಿದರು. ಟ್ರಾಮ್ ಓಡುವ ಮೊದಲೇ ಸೂಜಿ ಊರು ಬಿಟ್ಟಿತ್ತು!

ನಮ್ಮ ಡ್ರೋನಿನ ಮೇಲೂ ಒಂದು ಪುಟ್ಟ ಟ್ರಾಮ್ ಇದೆ. ಬ್ಯಾಟರಿಯಿಂದ ಮೋಟಾರಿಗೆ ಹತ್ತಿಪ್ಪತ್ತು ಆಂಪಿಯರ್ ಒಯ್ಯೋ ತಂತಿಗಳು. ಜಿಪಿಎಸ್ ಮಾಡ್ಯೂಲನ್ನು ಒಂದು ಕಡ್ಡಿಯ ಮೇಲೆ ಎತ್ತರಕ್ಕೆ ಕೂರಿಸ್ತಾರಲ್ಲ, ಅದು ಚಂದಕ್ಕಲ್ಲ. ಅದೇ ನಮ್ಮ ಅಲಿಬಾಗ್ :-) ಪ್ಲಸ್ ಮೈನಸ್ ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಅವುಗಳ ಕಾಂತಕ್ಷೇತ್ರ ಬಹುಪಾಲು ಒಂದನ್ನೊಂದು ಕಳೆಯುತ್ತೆ. ದಿಕ್ಸೂಚಿ ಸರಿಪಡಿಸೋ ಕುಣಿತ (ಡ್ರೋನ್ ಹಿಡ್ಕೊಂಡು ಎಲ್ಲಾ ಕಡೆ ತಿರುಗಿಸೋದು) ಮಾಡುವಾಗ ಆರ್‌ಸಿಸಿ ಮಾಳಿಗೆ ಮೇಲೆ, ಟ್ರ್ಯಾಕ್ಟರ್ ಪಕ್ಕ, ಜೇಬಲ್ಲಿ ಮೊಬೈಲ್ ಇಟ್ಕೊಂಡು ಮಾಡಬೇಡಿ. ಸಂಡೂರಿನ ಕಬ್ಬಿಣದ ಗುಡ್ಡವನ್ನು ಬೈಯೋ ಮೊದಲು ನಿಮ್ಮ ಕಾಲ ಕೆಳಗಿನ ಮಾಳಿಗೆಯಲ್ಲಿರೋ ಕಬ್ಬಿಣ ನೋಡಿ. ಯಲಬುರ್ಗಾದ ಎರೆ ಹೊಲದ ನಟ್ಟನಡುವೆ, ಹೈಟೆನ್ಷನ್ ತಂತಿಯಿಂದ ದೂರ ನಿಂತು ಮಾಡಿದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ಹಾಗೇ ಇನ್ನೊಂದು ಮಾತು. ಲ್ಯಾಂಬ್ಟನ್‌ಗೆ ಬೆಟ್ಟ ಬೇಕಿತ್ತು, ಅರ್ಧ ಟನ್ ತೂಕದ ಥಿಯೋಡೊಲೈಟ್ ಮೇಲಕ್ಕೆ ಏರಿಸಿ ದೂರ ನೋಡೋಕೆ. ಬಯಲು ಸೀಮೆಯ ತಂಜಾವೂರಿನಲ್ಲಿ ಬೆಟ್ಟ ಇಲ್ಲ ಅಂತ 1808ರಲ್ಲಿ ಅದನ್ನು ಗೋಪುರಕ್ಕೆ ಏರಿಸೋಕೆ ಹೋಗಿ, ಹಗ್ಗ ಕಿತ್ತು, ಯಂತ್ರ ಗೋಡೆಗೆ ಬಡಿದು ನಜ್ಜಾಯಿತು. ವಾರಗಟ್ಟಲೆ ಡೇರೆಯಲ್ಲಿ ಕೂತು ಅವನೇ ಅದನ್ನು ರಿಪೇರಿ ಮಾಡಿದ. ನಮ್ಮ ಡ್ರೋನಿಗೆ ಬೇಕಾಗಿರೋದು ತದ್ವಿರುದ್ಧ - ಬೆಟ್ಟ ಅಡ್ಡ ಇರಬಾರದು. ಆನೆಗೊಂದಿ, ಹಿರೇಬೆಣಕಲ್ ಕಡೆಯ ಆ ದೊಡ್ಡ ದೊಡ್ಡ ಬಂಡೆಗಳ ನಡುವೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತೆ. ಅಲ್ಲಿ ಉಪಗ್ರಹಗಳು ಸಿಗೋದೂ ಕಡಿಮೆ, ಸಿಕ್ಕಿದ ಸಂಕೇತವೂ ಬಂಡೆಗೆ ಬಡಿದು ಪ್ರತಿಧ್ವನಿಯ ಹಾಗೆ ತಡವಾಗಿ ಬರಬಹುದು. ಅದೂ ಅಲ್ಲದೆ ಅವು ಸಂರಕ್ಷಿತ ಸ್ಮಾರಕಗಳಿರೋ ಜಾಗ, ಅನುಮತಿ ಇಲ್ಲದೆ ಹಾರಿಸೋದು ಬೇಡವೇ ಬೇಡ. ಬೇರೆ ಕಡೆಯೂ ಅಷ್ಟೇ, ಡ್ರೋನ್ ನಿಯಮಗಳ ವಲಯ ನಕ್ಷೆ ನೋಡಿಕೊಂಡೇ ಹಾರಿಸಿ.

ನಾಲ್ಕನೇ ಅಜ್ಜ: ರಾತ್ರಿಯ ಗಾಳಿಯಲ್ಲದ ಗಾಳಿ

"ಮುಂಜಾನಿ ಚಲೋ ಇತ್ತು" ಅನ್ನೋ ದೂರಿಗೆ ಕಾರಣ ನೂರಾರು ಕಿಲೋಮೀಟರ್ ಮೇಲಿದೆ. ಸೂರ್ಯನ ಬೆಳಕಿಗೆ ಅಲ್ಲಿನ ತೆಳು ಅನಿಲ ಒಡೆದು ವಿದ್ಯುತ್ ಕಣಗಳಾಗುತ್ತೆ, ಅದೇ ಅಯಾನುಗೋಳ. ಉಪಗ್ರಹದ ಸಂಕೇತ ಇದನ್ನು ದಾಟಿ ಬರುವಾಗ ನಿಧಾನ ಆಗುತ್ತೆ. ಕಾಂತೀಯ ಭೂಮಧ್ಯರೇಖೆಯ ಸುತ್ತಮುತ್ತ ಈ ಪದರದ ಆಟ ಬೇರೆ ಕಡೆಗಿಂತ ಜೋರು. ಆ ರೇಖೆ ಕೇರಳದ ತುಂಬಾ ಹತ್ತಿರ ಹಾದುಹೋಗುತ್ತೆ ಅನ್ನೋ ಕಾರಣಕ್ಕೇ 1963ರ ನವೆಂಬರ್ 21ರಂದು ಭಾರತದ ಮೊದಲ ರಾಕೆಟ್ ಅಲ್ಲಿಂದ ಹಾರಿದ್ದು. ಕೊಪ್ಪಳ ಆ ರೇಖೆಯಿಂದ ಉತ್ತರಕ್ಕೆ ಕೆಲವೇ ಡಿಗ್ರಿ.

ಸೂರ್ಯ ಮುಳುಗಿದ ಮೇಲೆ ಈ ಪದರದಲ್ಲಿ ಗುಳ್ಳೆಗಳ ಹಾಗೆ ತೂತುಗಳು ಏಳುತ್ತವೆ. ನಕ್ಷತ್ರ ಮಿನುಗೋ ಹಾಗೆ ಉಪಗ್ರಹದ ಸಂಕೇತವೂ ಮಿನುಗುತ್ತೆ, ರಿಸೀವರ್ ಕೈಯಿಂದ ಜಾರುತ್ತೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ರಾತ್ರಿಗಳಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಹೆಚ್ಚಿರೋ ವರ್ಷಗಳಲ್ಲಿ ಇದು ಜಾಸ್ತಿ. ವಿಮಾನಗಳಿಗೆ ಈ ತೊಂದರೆ ತಿದ್ದಿ ಹೇಳೋಕೆ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಗಗನ್ ಅನ್ನೋ ವ್ಯವಸ್ಥೆ ಕಟ್ಟಿದವು. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಅದೇ ರಸ್ತೆಯ ಟ್ರಾಫಿಕ್ಕಲ್ಲಿ ನಮ್ಮ ಅರ್ಧ ಐಟಿ ಮಂದಿ ದಿನಾ "ಎಲ್ಲಿದ್ದೀಯಾ" ಅಂತ ಫೋನಲ್ಲಿ ಕೇಳಿಸಿಕೊಳ್ತಿರ್ತೀವಿ! ಗಗನ್‌ಗೆ 2013ರ ಕೊನೆಯಲ್ಲಿ ಮೊದಲ ಮಾನ್ಯತೆ ಸಿಕ್ಕಿತು. ನಮ್ಮ ಅಯಾನುಗೋಳ ಅಮೆರಿಕದ ಹಾಗೆ ಸಾಧು ಅಲ್ಲದ್ದರಿಂದ ಅದಕ್ಕೆ ಬೇರೆಯದೇ ಲೆಕ್ಕ ಕಟ್ಟಬೇಕಾಯಿತು. ಗೆಳೆಯನಿಗೆ ನನ್ನ ಉತ್ತರ ಮಾತ್ರ ಸರಳ: ರಾತ್ರಿ ಎಂಟಕ್ಕ ಹಾರಿಸಬ್ಯಾಡಪಾ, ಊಟ ಮಾಡಿ ಮಲಕೋ.

ಐದನೇ ಅಜ್ಜ: ಗಡಿಯಾರ

ಜಿಪಿಎಸ್ ಅಂದರೆ ನಿಜಕ್ಕೂ ಗಡಿಯಾರ. ಉಪಗ್ರಹ "ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೀನಿ" ಅನ್ನುತ್ತೆ. ಆ ಮಾತು ತಲುಪೋಕೆ ಎಷ್ಟು ಹೊತ್ತಾಯಿತು ಅನ್ನೋದರಿಂದ ದೂರ ತಿಳಿಯುತ್ತೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ 300 ಮೀಟರ್ ತಪ್ಪು. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇರುತ್ತೆ. ಐನ್‌ಸ್ಟೀನ್ ಹೇಳಿದ ಪ್ರಕಾರ ಆ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ತಿದ್ದದಿದ್ದರೆ ದಿನಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪು ಸೇರ್ತಾ ಹೋಗುತ್ತೆ.

ಇಪ್ಪತ್ತು ವರ್ಷ ಹಿಂದಿನ ತಾರೀಖಿನ ಕಾರಣ ಪ್ರೋಗ್ರಾಮರ್‌ಗಳಿಗೆ ಕೇಳಿದ ಕೂಡಲೇ ಅರ್ಥ ಆಗುತ್ತೆ. ಹಳೆಯ ಜಿಪಿಎಸ್ ಸಂದೇಶದಲ್ಲಿ ವಾರದ ಸಂಖ್ಯೆಗೆ ಕೊಟ್ಟಿರೋದು ಹತ್ತೇ ಬಿಟ್. 1024 ವಾರ ಆದ ಮೇಲೆ ಮತ್ತೆ ಸೊನ್ನೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಹಳೇ ಫರ್ಮ್‌ವೇರ್ ಇರೋ ಅಗ್ಗದ ಮಾಡ್ಯೂಲು ಪಾಪ, ತನ್ನ ಯೌವನಕ್ಕೆ ವಾಪಸ್ ಹೋಗಿಬಿಡುತ್ತೆ. ಜಾಗ ಸರಿಯಾಗೇ ಹೇಳಬಹುದು, ಆದರೆ ಆ ತಾರೀಖು ನಂಬಿ ಫೋಟೋ ಜೋಡಿಸೋಕೆ ಹೋದರೆ ಎಲ್ಲ ಕಲಸುಮೇಲೋಗರ.

ಇನ್ನು ಬೇಕಂತಲೇ ಹಾಕಿದ ತಪ್ಪೂ ಇತ್ತು. ಅಮೆರಿಕ ಸಾಮಾನ್ಯ ಜನರಿಗೆ ಕೊಡೋ ಜಿಪಿಎಸ್‌ನಲ್ಲಿ ಉದ್ದೇಶಪೂರ್ವಕವಾಗಿ ನೂರು ಮೀಟರಿನಷ್ಟು ತಪ್ಪು ಬೆರೆಸುತ್ತಿತ್ತು. 2000ದ ಮೇ 1ರ ರಾತ್ರಿ ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಅದು ನಿಂತಿತು. ಅದು ನಿಲ್ಲದಿದ್ದರೆ ಹವ್ಯಾಸಿ ಡ್ರೋನ್ ಅನ್ನೋದೇ ಇರ್ತಿರಲಿಲ್ಲ. ಆದರೆ ಬೇರೆಯವರ ಗಡಿಯಾರ ನೋಡಿ ಬದುಕೋದರಲ್ಲಿ ಇರೋ ಅಪಾಯ ಇದರಿಂದ ಎಲ್ಲರಿಗೂ ಗೊತ್ತಾಯಿತು. ಭಾರತ 2013ರ ಜುಲೈ 1ರಂದು ತನ್ನದೇ ಸಂಚಾರ ವ್ಯವಸ್ಥೆಯ ಮೊದಲ ಉಪಗ್ರಹ ಕಳಿಸಿತು. 2016ರಲ್ಲಿ ಏಳನೆಯದು ಹೋದಾಗ ನಾವಿಕ್ ಅಂತ ಹೆಸರಾಯಿತು. ಅದರ ಸಂಚಾರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ದುರದೃಷ್ಟಕ್ಕೆ ಮೊದಲ ಉಪಗ್ರಹದ ಮೂರೂ ಗಡಿಯಾರಗಳು ಕೆಟ್ಟವು, ಅವು ವಿದೇಶದಿಂದ ತಂದವು. ಬದಲಿಯಾಗಿ ಕಳಿಸಿದ್ದು 2017ರಲ್ಲಿ ರಾಕೆಟ್ಟಿನ ಶಾಖ ಕವಚದೊಳಗೇ ಸಿಕ್ಕಿಕೊಂಡಿತು. 2023ರ ಮೇನಲ್ಲಿ ಹೋದ ಎನ್‌ವಿಎಸ್-01ರಲ್ಲಿ ಮೊದಲ ಬಾರಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತನ್ನ ಕಕ್ಷೆಗೆ ಏರಲಿಲ್ಲ. ಲ್ಯಾಂಬ್ಟನ್‌ನ ಥಿಯೋಡೊಲೈಟ್ ಕೂಡ ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಗಿ ಆಮೇಲೆ ಮದ್ರಾಸಿಗೆ ಬಂದದ್ದು. ಅಳೆಯೋ ಕೆಲಸಕ್ಕೆ ಯಾವಾಗಲೂ ಇಂಥ ವಿಘ್ನ ಇದ್ದದ್ದೇ.

ಇಷ್ಟೆಲ್ಲ ಯಾಕೆ ಹೇಳಿದೆ?

ಯಾಕಂದ್ರೆ ಇದು ಬರೀ ಆಟಿಕೆಯ ವಿಷಯ ಅಲ್ಲ. ನಮ್ಮ ಕಡೆ ಹೊಲದ ಜಗಳ ಶುರುವಾಗೋದು ಬದುವಿನಲ್ಲಿ. ನಮ್ಮ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ಕೊಪ್ಪಳ ಯಲಬುರ್ಗಾ ಎರಡೂ ಸಾಲಾರ್‌ಜಂಗರ ಜಹಗೀರು. ನಿಜಾಮರ ಕಾಲ ಹೋಯ್ತು, ರಾಯಚೂರು ಜಿಲ್ಲೆಯಾಯ್ತು, 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯ್ತು. ಬದು ಮಾತ್ರ ಅಲ್ಲೇ ಇದೆ, ಜಗಳವೂ ಅಲ್ಲೇ ಇದೆ. ಹಳೇ ಭೂಮಾಪಕರು ಬಳಸುತ್ತಿದ್ದದ್ದು 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಒಂದು ಗುಂಟೆಯ ಬದಿ ಬರೀ ಹತ್ತು ಮೀಟರ್! ಮೊಬೈಲಿನ ಜಿಪಿಎಸ್‌ಗೆ ಐದು ಮೀಟರ್ ಆಚೀಚೆ ಆಗೋದು ಸಹಜ. ಅಂದರೆ ಅರ್ಧ ಗುಂಟೆಯ ಬದಿ. ಅಂಥ ಮೊಬೈಲು ಹಿಡ್ಕೊಂಡು ಬದುವಿನ ಮೇಲೆ ನಿಂತು "ನೋಡ್ರಿ, ಸ್ಯಾಟಲೈಟ್ ಹೇಳಾಕ ಹತ್ತೈತಿ, ಈ ಜಾಗ ನಮ್ದು" ಅನ್ನೋರನ್ನ ನಾನೇ ನೋಡಿದ್ದೀನಿ. ಸ್ಯಾಟಲೈಟ್ ಅಂದಮೇಲೆ ಎದುರಿನವರು ಅಧೀರರಾಗ್ತಾರೆ. ಓದಿದವರ ಕೈಯಲ್ಲಿರೋ ಸಾಧನ ಓದದವರ ಹೊಲ ಒತ್ತಿಕೊಳ್ಳಬಾರದು, ಅಲ್ವಾ?

ಸರ್ಕಾರ 2020ರ ಏಪ್ರಿಲ್‌ನಲ್ಲಿ ಶುರು ಮಾಡಿದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನಿನಿಂದ ಹಳ್ಳಿಯ ಮನೆ ಜಾಗಗಳನ್ನು ಅಳೆಯುತ್ತಾರೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆದರೆ ಅದು ಹವ್ಯಾಸಿ ಡ್ರೋನಿನ ಲೆಕ್ಕ ಅಲ್ಲ. ನೆಲದ ಮೇಲೆ ಸ್ಥಿರವಾಗಿ ನಿಂತ ಕೇಂದ್ರಗಳು ತಮ್ಮ ಗೊತ್ತಿರೋ ಜಾಗಕ್ಕೂ ಉಪಗ್ರಹ ಹೇಳಿದ ಜಾಗಕ್ಕೂ ಇರೋ ವ್ಯತ್ಯಾಸವನ್ನು ಕ್ಷಣ ಕ್ಷಣಕ್ಕೂ ಕಳಿಸುತ್ತವೆ. ಅದರಿಂದ ತಪ್ಪು ಸೆಂಟಿಮೀಟರ್‌ಗಳಿಗೆ ಇಳಿಯುತ್ತೆ. ಅಂದರೆ ಉಪಗ್ರಹದ ಯುಗದಲ್ಲೂ ಕೊನೆಗೆ ನಂಬಿಕೆ ನಿಂತಿರೋದು ನೆಲದಲ್ಲಿ ನೆಟ್ಟ ಒಂದು ಗುರುತಿನ ಮೇಲೆ. ಲ್ಯಾಂಬ್ಟನ್ ಅಡಿಗೆರೆಯ ಎರಡು ತುದಿಗೆ ಗುರುತು ನೆಟ್ಟದ್ದೂ ಇದಕ್ಕೇ, ನಮ್ಮ ಹೊಲದ ಮೂಲೆಯ ಬಾಂದು ಕಲ್ಲು ಇರೋದೂ ಇದಕ್ಕೇ.

ಆದ್ದರಿಂದ ಗೆಳೆಯರೇ, ಡ್ರೋನು ಹಾರಿಸಿ, ಚಂದದ ಫೋಟೋ ತೆಗೀರಿ, ದಾಳಿಂಬೆ ತೋಟದಲ್ಲಿ ಎಲ್ಲಿ ಗಿಡ ಒಣಗಿದೆ ಅಂತ ನೋಡಿ. ಆದರೆ ಪರದೆ ಮೇಲೆ ಬರೋ ಅಂಕಿಯನ್ನು ಯಾರಿಗಾದರೂ ತೋರಿಸುವಾಗ ಎರಡು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ. ಇದು ಯಾರ ಕೋಲು? ಇದರಲ್ಲಿ ತಪ್ಪು ಎಷ್ಟು? ಲ್ಯಾಂಬ್ಟನ್ ದೊಡ್ಡವನಾದದ್ದು ತಪ್ಪೇ ಮಾಡಲಿಲ್ಲ ಅಂತಲ್ಲ, ತನ್ನ ಅಳತೆಯಲ್ಲಿ ಎಷ್ಟು ತಪ್ಪಿದೆ ಅಂತ ಮತ್ತೆ ಅಳೆದು ನೋಡಿ ಹೇಳಿದ್ದಕ್ಕೆ.

ನಿಮ್ಮ ಡ್ರೋನಿಗೆ ಇನ್ನೂ ಬೇರೆ ಥರದ ಕಾಯಿಲೆ ಇದ್ದರೆ ಕೆಳಗೆ ಬರೆಯಿರಿ. ಅದರ ಅಜ್ಜನನ್ನೂ ಎಲ್ಲಿದ್ದರೂ ಹುಡುಕೋಣ :-)